ಆಮೆಗೆ ಚಿನ್ನದ ಬಣ್ಣ ಯಾಕ್ರೀ?

ಈಗಷ್ಟೇ ಒಂದು ಎಕ್ಸಿಬಿಷನ್ ನೋಡ್ಕೊಂಡು ಬಂದೆ, ಮೈಯೆಲ್ಲಾ ಉರೀತಿದೆ, ಬರ್ದೇ ಮಲಗ್ತೀನಿ. ಇಂಥ ವಿಷ್ಯದಲ್ಲಿ ನಾನೆಷ್ಟು ಕಿರಿಕಿರಿ ಅಂತ ನಿಮ್ಗೆ ಗೊತ್ತೇ ಇದೆ.

ಸಮುದ್ರದ ದಡದಲ್ಲಿ ಆಯ್ದ ಪ್ಲಾಸ್ಟಿಕ್‌ನಲ್ಲಿ ಮಾಡಿದ ಆಮೆ, ಆಳೆತ್ತರದ್ದು. ದೂರದಿಂದ ನೋಡಿ ನಾನೂ ಬಾಯಿ ಬಿಟ್ಕೊಂಡು ನಿಂತೆ, ಸುಳ್ಳು ಹೇಳಲ್ಲ. ಹತ್ರ ಹೋದ್ರೆ ತಲೆಯಿಂದ ಬಾಲದವರೆಗೂ ಚಿನ್ನದ ಬಣ್ಣದ ಸ್ಪ್ರೇ! ಮುಚ್ಚಳ ಯಾವ್ದು, ಚಪ್ಪಲಿ ಯಾವ್ದು, ಬಲೆ ತುಂಡು ಯಾವ್ದು, ಒಂದೂ ಗೊತ್ತಾಗಲ್ಲ. ಪಕ್ಕದವ್ರು "ಹಿತ್ತಾಳೇದಾ ಇದು?" ಅಂತ ಕೇಳಿದ್ರು. ಒಂದು ಪುಟ್ಟ ಹುಡುಗಿ ಉಗುರಲ್ಲಿ ಕೆರೆದು "ಅಮ್ಮಾ, ಟೂತ್‌ಬ್ರಷ್!" ಅಂತ ಕೂಗಿದ್ಲು, ಅಮ್ಮ ಕೈ ಎಳ್ಕೊಂಡು ಹೋದ್ರು. ಇಡೀ ಹಾಲ್‌ನಲ್ಲಿ ಆಮೆನ ನಿಜವಾಗಿ ನೋಡಿದ್ದು ಅವಳೊಬ್ಳೇ.

ಅಲ್ರೀ, ಕಸ ಅಂತ ಗೊತ್ತಾಗ್ಲಿ ಅಂತಾನೇ ತಾನೆ ಕಸದಲ್ಲಿ ಮಾಡೋದು? ಕ್ರಿಸ್ ಜೋರ್ಡನ್ ಅನ್ನೋ ಫೋಟೋಗ್ರಾಫರ್ 2009ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ತೆಗೆದ ಫೋಟೋಗಳಿವೆ, ಸತ್ತ ಆಲ್ಬಟ್ರಾಸ್ ಅನ್ನೋ ಕಡಲ ಹಕ್ಕಿ ಮರಿಗಳ ಹೊಟ್ಟೆ ಜಾಗದಲ್ಲಿ ಲೈಟರು, ಬಾಟಲ್ ಮುಚ್ಚಳ. ತಾಯಿ ಹಕ್ಕಿ ಊಟ ಅಂದ್ಕೊಂಡು ತಂದು ತಿನ್ನಿಸಿದ್ದು. ಒಂದು ಚೂರನ್ನೂ ಅಲುಗಾಡಿಸಿಲ್ಲ ಅಂತ ಅವ್ರೇ ಹೇಳಿದಾರೆ. ಆ ಮುಚ್ಚಳ ನಮ್ಮನೇದೇ ಥರ ಕಾಣತ್ತಲ್ಲ, ಕರುಳು ಹಿಂಡೋದು ಅದೇ. ಅದಕ್ಕೂ ಚಿನ್ನ ಬಳೀತೀರಾ?

"ಚಂದ ಇದ್ರೇನೇ ಜನ ಬರೋದು" ಅಂತ ಯಾರಾದ್ರೂ ಕಾಮೆಂಟ್ ಹಾಕೇ ಹಾಕ್ತೀರ. ಹೌದಪ್ಪ, ಬರ್ಲಿ. 2018ರಲ್ಲಿ ಬೆಲ್ಜಿಯಂನ ಬ್ರೂಜ್ ಊರಿನ ಕಾಲುವೆಯಿಂದ ಮೇಲೆ ಹಾರೋ ಥರ ಒಂದು ತಿಮಿಂಗಿಲ ನಿಲ್ಸಿದ್ರು, ಸುಮಾರು 5 ಟನ್ ಸಮುದ್ರದ ಪ್ಲಾಸ್ಟಿಕ್ಕು. ಅದೇನು ಚಂದ ಇರ್ಲಿಲ್ವಾ? ಬಕೆಟ್ಟು ಬಕೆಟ್ಟಾಗೇ ಕಾಣ್ತಿತ್ತು. ಅಮೆರಿಕದ ಒರೆಗಾನ್‌ನಲ್ಲಿ ಆಂಜೆಲಾ ಹೇಸಲ್ಟೈನ್ ಪೊಝ್ಝಿ ಅನ್ನೋರು 2010ರಿಂದ ವಾಲಂಟಿಯರ್‌ಗಳ ಜೊತೆ ಸೇರ್ಕೊಂಡು ಕಸ ತೊಳೆದು, ಬಣ್ಣದ ಪ್ರಕಾರ ಬೇರೆ ಬೇರೆ ಮಾಡಿ ಪ್ರಾಣಿಗಳನ್ನ ಕಟ್ತಾರೆ. ಬಣ್ಣ ಬೇಕಂದ್ರೆ ಕಸದಲ್ಲೇ ಇದೆ, ಹುಡುಕೋ ತಾಳ್ಮೆ ಬೇಕು ಅಷ್ಟೆ! ಸ್ಪ್ರೇ ಆದ್ರೆ ಅರ್ಧ ಗಂಟೆ ಕೆಲ್ಸ ನೋಡಿ.

ಅದೂ ಅಲ್ದೆ ಆ ಪೇಂಟಲ್ಲಿ ಇರೋದೂ ಪ್ಲಾಸ್ಟಿಕ್ಕೇ, ಒಣಗಿ ಸಿಪ್ಪೆ ಎದ್ದು ಉದುರಿದ್ರೆ ಅದೇ ಮೈಕ್ರೋಪ್ಲಾಸ್ಟಿಕ್. ಯಾರಿಗೆ ಹೇಳೋಣ.

ಇಷ್ಟೆಲ್ಲಾ ಒದರ್ತಿದೀನಲ್ಲ, ಹೊರಡೋವಾಗ ಅಭಿಪ್ರಾಯ ಬರೀರಿ ಅಂತ ಪುಸ್ತಕ ಕೊಟ್ರು. ಆ ಕಲಾವಿದ್ರು ಎದುರಿಗೇ ನಿಂತಿದ್ರು, ಬೆರಳ ಸಂದೀಲಿ ಇನ್ನೂ ಚಿನ್ನದ ಬಣ್ಣ ಹೋಗಿರ್ಲಿಲ್ಲ, ಪಾಪ ಮುಖ ತುಂಬಾ ನಗು. "ಅದ್ಭುತ" ಅಂತ ಬರ್ದು ಸೈನ್ ಹಾಕಿ ಬಂದೆ.