ಸಮ್ಮೇಳನ ಊರೊಳಗೆ ನಡೆಯಲಿ

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಮೂರೂ ದಿನ ಅಲ್ಲಿದ್ದೆ. ಅಧ್ಯಕ್ಷರಾದ ಗೊ.ರು. ಚನ್ನಬಸಪ್ಪನವರ ಮೆರವಣಿಗೆ ಬಂದಾಗ ರಸ್ತೆ ಬದಿ ಹೂ ಮಾರುತ್ತಿದ್ದ ಅಜ್ಜಿಯೊಬ್ಬರು ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಮುಂದೆ ಬಂದರು. ಎರಡೂ ಕೈ ಎತ್ತಿ ಮುಗಿದರು.

"ಅವ್ರು ಯಾರು ಗೊತ್ತೇನಜ್ಜಿ?" ಅಂದೆ.

"ಪುಸ್ತಕ ಬರ್ದೋರಂತೆ ಕಣಪ್ಪಾ, ದೊಡ್ಡೋರು."

"ಪೆಂಡಾಲ್‌ಗೂ ಬನ್ನಿ."

"ಅಷ್ಟ್ ದೂರ ಯಾರ್ ಕರ್ಕೊಂಡೋಯ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪೆಂಡಾಲ್ ಇದ್ದದ್ದು ಊರಾಚೆ, ಹೆದ್ದಾರಿ ಪಕ್ಕ. ಮಂಡ್ಯಕ್ಕೆ ಇದು ಮೂರನೇ ಸಮ್ಮೇಳನ. 1974ರಲ್ಲಿ ಇಲ್ಲೇ ಜಯದೇವಿತಾಯಿ ಲಿಗಾಡೆ ಮೊದಲ ಮಹಿಳಾ ಅಧ್ಯಕ್ಷೆಯಾದರು. ಇಂಥ ಊರಿನ ಜನಕ್ಕೂ ಸಿಕ್ಕಿದ್ದು ಒಂದು ಬೆಳಗಿನ ಮೆರವಣಿಗೆ ಅಷ್ಟೇ. ಹಿಂದಿನ ಸಮ್ಮೇಳನಗಳೂ ಹೀಗೇ: ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣ, ಕಲಬುರಗಿಯಲ್ಲೂ ವಿಶ್ವವಿದ್ಯಾಲಯದ ಆವರಣ. ಹೊರಗಿನಿಂದ ಬಂದವರು ಬಸ್ಸಿಳಿದು, ಊಟದ ಸಾಲು, ಪುಸ್ತಕ ಮಳಿಗೆ, ಓಓಡಿ ಪತ್ರದ (ಸರ್ಕಾರಿ ನೌಕರರಿಗೆ ಕೊಡುವ ಹಾಜರಾತಿ ಪತ್ರ) ಸಾಲು ಮುಗಿಸಿ ಹಾಗೇ ಬಸ್ ಹತ್ತುತ್ತಾರೆ. ಊರು ನೋಡುವುದೇ ಇಲ್ಲ.

2017ರಲ್ಲಿ ಮೈಸೂರಿನಲ್ಲಿ ಹೀಗಿರಲಿಲ್ಲ. ಕವಿ ಚಂಪಾ (ಚಂದ್ರಶೇಖರ ಪಾಟೀಲ) ಅಧ್ಯಕ್ಷರು, ಮುಖ್ಯ ವೇದಿಕೆ ಊರ ನಡುವಿನ ಮಹಾರಾಜ ಕಾಲೇಜು ಮೈದಾನದಲ್ಲಿ. ಸಂಜೆ ಟ್ಯೂಷನ್ ಮುಗಿಸಿದ ಹುಡುಗಿಯರು ಸೈಕಲ್ ನಿಲ್ಲಿಸಿ ಪುಸ್ತಕ ತಿರುವಿ ಹಾಕುತ್ತಿದ್ದರು. ಬೀದರ್‌ನಿಂದ ಬಂದಿದ್ದ ಮೇಷ್ಟ್ರೊಬ್ಬರ ಜೊತೆ ದೇವರಾಜ ಮಾರುಕಟ್ಟೆವರೆಗೂ ನಡೆದುಕೊಂಡೇ ಹೋದೆ. ಅವರು ರಸಬಾಳೆ ಹಣ್ಣು ಮೂಸಿ ಮೂಸಿ ಆರಿಸಿದರು. ಅಂಗಡಿಯವನು ಕೇಳಿದ, "ಸಮ್ಮೇಳನಕ್ಕೆ ಬಂದ್ರಾ ಸರ್? ಇವತ್ತು ಕವಿಗೋಷ್ಠಿ ಎಷ್ಟೊತ್ತಿಗೆ?" ಆತನಿಗೂ ಬರುವ ಮನಸ್ಸಿತ್ತು!

ಲಕ್ಷಗಟ್ಟಲೆ ಜನ, ಪಾರ್ಕಿಂಗ್, ಊಟ, ಇದೆಲ್ಲ ಊರೊಳಗೆ ಕಷ್ಟ ಅಂತಾರೆ. ಒಪ್ಪುತ್ತೇನೆ. ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕುವುದು ಯಾಕೆ? ಉದ್ಘಾಟನೆ, ಊಟ ಹೊರಗೇ ಇರಲಿ. ಗೋಷ್ಠಿ, ಕವಿಗೋಷ್ಠಿ, ಪುಸ್ತಕ ಮಳಿಗೆ ಊರೊಳಗೆ ಬರಲಿ.

88ನೇ ಸಮ್ಮೇಳನಕ್ಕೆ ಬಳ್ಳಾರಿಯನ್ನು ಆರಿಸಿದ್ದಾರೆ, ಅಧ್ಯಕ್ಷರಾಗಿ ಬಾನು ಮುಷ್ತಾಕ್ ಅವರನ್ನು. ತುಂಬಾ ಖುಷಿಯಾಯಿತು. 1926ರಲ್ಲಿ ಫ.ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಸಮ್ಮೇಳನ ನಡೆದಾಗ ಊರು ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕನ್ನಡಕ್ಕಾಗಿ ಅಷ್ಟು ಹೋರಾಡಿದ ಊರನ್ನು ಬೈಪಾಸ್ ಮಾಡಬೇಡಿ. ಒಳ್ಳೆಯ ನಾಟಕದ ಊರು ಅದು. ರಾಘವ ಕಲಾಮಂದಿರ ಇದೆ, ಮುನಿಸಿಪಲ್ ಮೈದಾನ ಇದೆ. ಇನ್ನೊಂದು ಮಾತು, ಪುಸ್ತಕ ಮಳಿಗೆಗಳನ್ನು ರಾತ್ರಿ 9ರವರೆಗೆ ತೆರೆದಿಡಿ. ವ್ಯಾಪಾರ ಮುಗಿಸಿ, ಅಂಗಡಿ ಬಾಗಿಲು ಹಾಕಿ ಬರುವವರಿಗೂ ಸಮಯ ಸಿಗಬೇಕಲ್ವಾ?