ಬಾಟಲಿಯಲ್ಲಿ ಬರಗಾಲ

ಹೊಟ್ಟೆ ತುಂಬಿದವರಿಗೆ ಉಪವಾಸದ ಸವಲತ್ತುಗಳನ್ನು ಒದಗಿಸುವ ಉದ್ಯಮವೊಂದು ಕ್ಯಾಲಿಫೋರ್ನಿಯಾದಲ್ಲಿ ತಲೆಯೆತ್ತಿದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ; ಪುಕ್ಕಟೆಯಾಗಿ ಸಿಗುವ ಯಾವುದನ್ನೂ ಹಾಗೆಯೇ ಬಿಟ್ಟುಬಿಡುವುದು ಆ ಸೀಮೆಯ ಜಾಯಮಾನವಲ್ಲ. 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಂಪನಿಯೊಂದು ಕೀಟೋನ್ ಎಸ್ಟರ್ ಎಂಬ ಪಾನೀಯವನ್ನು, ಅಂದರೆ ಉಪವಾಸದಲ್ಲಿ ದೇಹ ತನ್ನ ಕೊಬ್ಬಿನಿಂದ ತಾನೇ ತಯಾರಿಸಿಕೊಳ್ಳುವ ಕೀಟೋನ್ ಎಂಬ ಇಂಧನವನ್ನು ಕುಡಿಯುವ ರೂಪದಲ್ಲಿ, ಮಾರುಕಟ್ಟೆಗೆ ಬಿಟ್ಟಿತು. ಬಾಟಲಿ ಪುಟ್ಟದು, ಬೆಲೆ ಮೂವತ್ತು ಡಾಲರಿಗೂ ಮೇಲು, ರುಚಿ ಮುಖ ಕಿವುಚಿಸುವಷ್ಟು ಕಹಿ. ಮಿದುಳಿಗೆ ಇದು ಶ್ರೇಷ್ಠ ಇಂಧನವೆಂಬ ಭರವಸೆಯಿದ್ದುದರಿಂದ ಕಹಿಯೂ ಒಂದು ಅರ್ಹತೆಯಾಯಿತು.

ಈ ಇಂಧನದ ಪೂರ್ವಾಪರವನ್ನು ವಿಚಾರಿಸಿದರೆ ತಮಾಷೆ ಇನ್ನಷ್ಟು ಗಟ್ಟಿಯಾಗುತ್ತದೆ. ದೇಹದ ತೂಕದಲ್ಲಿ ಶೇಕಡಾ 2ರಷ್ಟೇ ಇರುವ ಮಿದುಳು, ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಕಬಳಿಸುತ್ತದೆ. ದಿನವೊಂದಕ್ಕೆ ಅದಕ್ಕೆ 100ರಿಂದ 120 ಗ್ರಾಂ ಗ್ಲೂಕೋಸ್ ಬೇಕು. ಅನ್ನ ಸಿಗದ ದಿನಗಳಲ್ಲಿ ಯಕೃತ್ತಿನಲ್ಲಿರುವ ಗ್ಲೂಕೋಸಿನ ದಾಸ್ತಾನು ಒಂದೆರಡು ದಿನದೊಳಗೆ ಬರಿದಾಗುತ್ತದೆ. ಸೊಂಟದ ಸುತ್ತ ಎಷ್ಟೇ ಕೊಬ್ಬಿದ್ದರೂ ಕೊಬ್ಬಿನಾಮ್ಲಗಳನ್ನು ನೇರವಾಗಿ ಉರಿಸಿ ಬದುಕುವುದು ಮಿದುಳಿಗೆ ಸಾಧ್ಯವಿಲ್ಲ. ಹೀಗಾಗಿ ಸ್ನಾಯುಗಳನ್ನೇ ಕರಗಿಸಿ ಗ್ಲೂಕೋಸ್ ಮಾಡಿಕೊಡಬೇಕಾಗುತ್ತದೆ. ಅದೇ ಮುಂದುವರಿದರೆ ಮನುಷ್ಯ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತಾನೆ. ಅದನ್ನು ತಪ್ಪಿಸಲೆಂದೇ ಯಕೃತ್ತು ಕೊಬ್ಬನ್ನು ಒಡೆದು ಅಸಿಟೋಅಸಿಟೇಟ್ ಮತ್ತು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್‌ಗಳನ್ನು ತಯಾರಿಸಿ ರಕ್ತದ ಮೂಲಕ ಮಿದುಳಿಗೆ ಕಳುಹಿಸುತ್ತದೆ. ಯಕೃತ್ತಿನದು ಮಾತ್ರ ಊರಿಗೆಲ್ಲ ಬಡಿಸಿ ತಾನು ಉಣ್ಣದ ಅಡುಗೆ ಭಟ್ಟರ ಪಾಡು: ತಾನೇ ಮಾಡಿದ ಕೀಟೋನನ್ನು ಉರಿಸಿಕೊಳ್ಳುವುದಕ್ಕೆ ಬೇಕಾದ ಕಿಣ್ವ ಅದರ ಬಳಿ ಇಲ್ಲ.

ಇದು ಖಚಿತವಾಗಿ ತಿಳಿದದ್ದು 1967ರಲ್ಲಿ, ಬೋಸ್ಟನ್ನಿನಲ್ಲಿ. ಆಲಿವರ್ ಓವೆನ್, ಜಾರ್ಜ್ ಕೇಹಿಲ್ ಮತ್ತು ಅವರ ಸಂಗಡಿಗರು ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯರ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಹಿಂದಿರುಗುವ ರಕ್ತವನ್ನು ಪರೀಕ್ಷಿಸಿ, ಮಿದುಳಿನ ಇಂಧನದ ಬಹುಪಾಲು ಕೀಟೋನ್‌ಗಳಿಂದಲೇ ಬರುತ್ತಿದೆಯೆಂದು ತೋರಿಸಿದರು. ಉಳಿದ ಪಾಲಿಗೆ ಆಗಲೂ ಗ್ಲೂಕೋಸೇ ಗತಿ. ಜಾಹೀರಾತು ಬರೆಯುವವರು ಮೊದಲನೆಯ ವಾಕ್ಯವನ್ನು ಭಕ್ತಿಯಿಂದ ಓದುತ್ತಾರೆ. ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅವರಿಗೆ ಬೇರೆ ಕೆಲಸ ಬಿದ್ದಿರುತ್ತದೆ, ಐದಾರು ವಾರದ ಉಪವಾಸವಂತೂ ಅವರ ಕಣ್ಣಿಗೇ ಬೀಳುವುದಿಲ್ಲ.

ಬಾಟಲಿಯ ಮಹಿಮೆ ಇಷ್ಟಕ್ಕೇ ನಿಲ್ಲುವುದಿಲ್ಲ. ಹೊರಗಿನಿಂದ ಬಂದ ಕೀಟೋನ್ ರಕ್ತದಲ್ಲಿ ಹೆಚ್ಚಿದೊಡನೆ, ದೇಹವು ತನ್ನ ಕೊಬ್ಬಿನ ಉಗ್ರಾಣದಿಂದ ಕೊಬ್ಬಿನಾಮ್ಲಗಳನ್ನು ಬಿಡುಗಡೆ ಮಾಡುವುದನ್ನು ತಗ್ಗಿಸುತ್ತದೆ. ಎಂದರೆ, ಕೊಬ್ಬು ಕರಗಿದಾಗ ಹುಟ್ಟುವ ವಸ್ತುವನ್ನು ದುಡ್ಡು ತೆತ್ತು ಕುಡಿದು, ಕೊಬ್ಬು ಕರಗುವುದನ್ನು ನಿಧಾನಗೊಳಿಸುವ ಅಪೂರ್ವ ವ್ಯವಸ್ಥೆಯಿದು. ಇಂಥ ಯೋಜನೆಯನ್ನು ಯಾವುದಾದರೂ ಸರ್ಕಾರಿ ಇಲಾಖೆ ರೂಪಿಸಿದ್ದರೆ ನಾವು ವಿಧಾನಸಭೆಯಲ್ಲಿ ಪ್ರಶ್ನೆ ಕೇಳಿಸುತ್ತಿದ್ದೆವು. ಖಾಸಗಿ ಕಂಪನಿಯಾದ್ದರಿಂದ ಅದಕ್ಕೆ ನಾವೀನ್ಯವೆಂಬ ಗೌರವ ಸಲ್ಲುತ್ತದೆ.

ಕೀಟೋನ್‌ನಿಂದ ನಿಜವಾದ ಉಪಕಾರ ಪಡೆದವರೂ ಇದ್ದಾರೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಅವರು ಮೂರ್ಛೆ ರೋಗಿಗಳಿಗಾಗಿ ಕೀಟೋಜೆನಿಕ್ ಆಹಾರವನ್ನು, ಎಂದರೆ ಕೊಬ್ಬು ಹೆಚ್ಚಾಗಿ ಪಿಷ್ಟ-ಸಕ್ಕರೆ ತೀರಾ ಕಡಿಮೆಯಿದ್ದು ದೇಹ ಕೀಟೋನ್ ತಯಾರಿಸುವಂತೆ ಮಾಡುವ ಊಟವನ್ನು, ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆಯಿರುವ ಮಕ್ಕಳಿಗೆ ಇಂದಿಗೂ ವೈದ್ಯರ ನಿಗಾದಲ್ಲಿ, ಗ್ರಾಂ ಲೆಕ್ಕದಲ್ಲಿ ತೂಗಿ ಅದನ್ನು ಕೊಡುತ್ತಾರೆ. ಆ ತಾಯಂದಿರ ಅಡುಗೆಮನೆಯ ಶಿಸ್ತನ್ನು ನೋಡಿದವರಾರೂ ಕೀಟೋ ಎಂಬ ಪದವನ್ನು ಕೇಕಿನ ಮೇಲೆ ಬರೆಯುವ ಧೈರ್ಯ ಮಾಡಲಾರರು. ಆದರೆ ಬೆಂಗಳೂರಿನ ಕೆಫೆಗಳಿಗೆ ಆ ಧೈರ್ಯ ಧಾರಾಳವಾಗಿದೆ. ನಮ್ಮಲ್ಲಿ ಇದಕ್ಕೆ ಪರಂಪರೆಯ ಬೆಂಬಲವೂ ದೊರೆತಿದೆ: ಏಕಾದಶಿಯನ್ನು ಮಾಡಿದ ಹಿರಿಯರಿಗೆ ಕೀಟೋನ್ ಗೊತ್ತಿತ್ತು ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುತ್ತದೆ. ನಿರ್ಜಲ ಏಕಾದಶಿ ಮಾಡಿದವರ ಮಾತು ಬೇರೆ. ಅವಲಕ್ಕಿ, ಸಜ್ಜಿಗೆ, ಬಾಳೆಹಣ್ಣುಗಳ ಫಲಾಹಾರದಲ್ಲಿ ದಾಟುವ ಏಕಾದಶಿಯಂದು ಯಕೃತ್ತಿಗೆ ಕೀಟೋನ್ ತಯಾರಿಸುವ ಪ್ರಮೇಯವೇ ಬರುವುದಿಲ್ಲ.

ಇನ್ಸುಲಿನ್ ಇಲ್ಲದೆ ಇದೇ ಕೀಟೋನ್ ಮಿತಿಮೀರಿದಾಗ ರಕ್ತ ಆಮ್ಲೀಯವಾಗಿ ಸಕ್ಕರೆ ಕಾಯಿಲೆಯವರು ತುರ್ತು ನಿಗಾ ಘಟಕಕ್ಕೆ ಸೇರುತ್ತಾರೆಂಬುದು ಮಾರಾಟಕ್ಕೆ ಅನುಕೂಲವಾದ ಸಂಗತಿಯಲ್ಲ. ಇನ್ನು ಮೂರನೆಯ ಕೀಟೋನ್ ಆದ ಅಸಿಟೋನ್ ಮಿದುಳಿಗೆ ಹೇಳಿಕೊಳ್ಳುವಂಥ ಉಪಯೋಗಕ್ಕೆ ಬಾರದೆ ಉಸಿರಿನಲ್ಲಿ ಹೊರಹೋಗುತ್ತದೆ. ಉಗುರುಬಣ್ಣ ಅಳಿಸುವ ದ್ರವದ ವಾಸನೆ ಅದರದೇ. ಅದೊಂದಾದರೂ ಉದ್ಯಮಿಗಳ ಕೈಗೆ ಸಿಗದೆ ಗಾಳಿಗೆ ಸೇರಿಕೊಂಡಿತಲ್ಲ ಎಂದು ಸಮಾಧಾನಪಡುವ ಹಾಗಿಲ್ಲ: ಉಸಿರೂದಿ ಅದರ ಪ್ರಮಾಣವನ್ನು ಮೊಬೈಲಿನಲ್ಲಿ ನೋಡಿಕೊಳ್ಳುವ ಯಂತ್ರಗಳು ಈಗಾಗಲೇ ಮಾರಾಟಕ್ಕಿವೆ.