ಸಹಿ ತಾಳೆಯಾಗುತ್ತೆ ಭಾವ, ಆದರೆ…

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದವನು ನಾನು. ಉಳಿದವರು ಮುಖ ನೋಡಿ ಗುರುತು ಹಿಡಿದರೆ ನಾನು ಚೆಕ್ಕಿನ ಮೂಲೆ ನೋಡಿ ಗುರುತು ಹಿಡಿಯುತ್ತಿದ್ದೆ. ಈಗಲೂ ಮದುವೆ ಮನೆಯಲ್ಲಿ ಯಾರಾದರೂ "ಸಾರ್, ಗೊತ್ತಾಯ್ತಾ ನಾನು?" ಅಂದರೆ, ಒಂದು ಸಹಿ ಹಾಕಿ ತೋರಿಸಿ ಅನ್ನೋಣ ಅನ್ನಿಸುತ್ತದೆ.

ಅದಕ್ಕೇ ಇರಬೇಕು, ಹೋದ ಭಾನುವಾರ ಬೆಳಿಗ್ಗೆ ಜಯನಗರದಿಂದ ಭಾವ ಫೋನ್ ಮಾಡಿದರು. "ಊಟಕ್ಕೆ ಬಾ. ಬರುವಾಗ ನಿನ್ನ ಆ ಭೂತಗನ್ನಡಿ ಮರೀಬೇಡ."

ಹೋದೆ. ಸೋಫಾ ಮೇಲೆ ಒಂದು ಚಿತ್ರ ಒರಗಿಸಿಟ್ಟಿದ್ದರು. ತಾಯಿ, ಮಗು. ಉದ್ದನೆಯ ಬಾದಾಮಿ ಕಣ್ಣು, ದಪ್ಪ ಕಪ್ಪು ಗೆರೆ, ಇಟ್ಟಿಗೆ ಬಣ್ಣದ ಹಿನ್ನೆಲೆ. ಕೆಳಗೆ ಬಲಮೂಲೆಯಲ್ಲಿ ಬಂಗಾಳಿ ಅಕ್ಷರದಲ್ಲಿ ಸಹಿ. "ಜಾಮಿನಿ ರಾಯ್ ಕಣೋ" ಅಂದರು ಭಾವ, ಹೊಸ ಅಳಿಯನ ಪರಿಚಯ ಮಾಡಿಸುವ ಹಾಗೆ. ಬಂಗಾಳದ ಹೆಸರಾಂತ ಚಿತ್ರಕಾರ. ಎಷ್ಟು ಕೊಟ್ಟರು ಅಂತ ಕೇಳಬೇಡಿ. ಅಕ್ಕನಿಗೆ ಹೇಳಿದ್ದು ಒಂದು, ನನಗೆ ಹೇಳಿದ್ದು ಇನ್ನೊಂದು.

ಜೊತೆಗೆ ಪ್ಲಾಸ್ಟಿಕ್ ಫೈಲಿನಲ್ಲಿ ಒಬ್ಬ ಕೈಬರಹ ತಜ್ಞರ ಎರಡು ಪುಟದ ವರದಿ. ಈ ಸಹಿಯ ಫೋಟೊ, ಪಕ್ಕದಲ್ಲಿ ಮೂರು "ಅಸಲಿ" ಸಹಿಗಳ ಫೋಟೊ, ನಡುವೆ ಕೆಂಪು ಬಾಣಗಳು. ಎಲ್ಲವೂ ಒಂದೇ ಕೈಯವು ಆಗಿರುವ ಸಾಧ್ಯತೆ ಬಹಳ ಜಾಸ್ತಿ ಅಂತ ಕೊನೆಯ ಸಾಲು. "ಇನ್ನೇನು ಬೇಕು ಹೇಳು?" ಅಂದರು ಭಾವ.

ಆವತ್ತು ಊಟದ ಹೊತ್ತಾಗಿತ್ತು, ಪೂರ್ತಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೈಬರಹ ಪರೀಕ್ಷೆ ಅಂದರೆ ಸುಮ್ನೆ ಕಣ್ಕಟ್ಟು ಅಂತ ನಾನು ಹೇಳುವುದಿಲ್ಲ. ಅಕ್ಷರ ನೋಡಿ ನಿಮಗೆ ಕೋಪ ಜಾಸ್ತಿ, ದುಡ್ಡು ನಿಲ್ಲಲ್ಲ ಅಂತ ಹೇಳುವವರು ಬೇರೆ ಜಾತಿ, ಅವರನ್ನು ಬಿಡಿ. ಸಹಿಯನ್ನು ಸಹಿಯ ಜೊತೆ ಇಟ್ಟು ನೋಡುವುದು ನಿಜವಾದ ವಿದ್ಯೆ. ನಮ್ಮ ಮಡಿವಾಳದ ಫೊರೆನ್ಸಿಕ್ ಲ್ಯಾಬಿನಲ್ಲಿ ಪೊಲೀಸರು, ಕೋರ್ಟುಗಳು ಕಳಿಸಿದ ಕಾಗದ ಇಟ್ಟುಕೊಂಡು ಮಾಡುವುದೂ ಇದನ್ನೇ. ನಾವು ಕೌಂಟರಿನಲ್ಲಿ ಅರೆ ನಿಮಿಷದಲ್ಲಿ ಮಾಡುತ್ತಿದ್ದುದು ಅದರ ಬಡ ತಮ್ಮ.

ಹೊಸದಾಗಿ ಬಂದ ಹುಡುಗರು ಅಕ್ಷರದ ಆಕಾರ ನೋಡುತ್ತಾರೆ. ಆಕಾರವನ್ನು ಯಾರು ಬೇಕಾದರೂ ಕದಿಯಬಹುದು. ನೋಡಬೇಕಾದ್ದು ವೇಗ. ತನ್ನ ಸಹಿ ಹಾಕುವವನು ಯೋಚನೆ ಮಾಡುವುದಿಲ್ಲ, ಗೆರೆ ಓಡುತ್ತದೆ, ಕೊನೆಯಲ್ಲಿ ಇಲಿಯ ಬಾಲದ ಹಾಗೆ ಸಣ್ಣಗಾಗಿ ಕಾಗದ ಬಿಡುತ್ತದೆ. ಕದ್ದು ಹಾಕುವವನು ಸಹಿಯನ್ನು ಬರೆಯುವುದಿಲ್ಲ, ಬಿಡಿಸುತ್ತಾನೆ. ತಿರುವಿನಲ್ಲಿ ನಿಲ್ಲುತ್ತಾನೆ, ನಿಂತಲ್ಲಿ ಇಂಕು ಒಂದು ಚುಕ್ಕೆ ಜಾಸ್ತಿ ಕುಡಿಯುತ್ತದೆ. ಕೊನೆ ಮೊಂಡಾಗಿರುತ್ತದೆ. ಇನ್ನೊಂದು ವಿಷಯ. ಸಹಿ ಅತಿ ಚೆನ್ನಾಗಿ ತಾಳೆಯಾದರೂ ಅನುಮಾನ ಬರಬೇಕು. ಒಮ್ಮೆ ಒಂದೇ ಖಾತೆಯ ಎರಡು ಚೆಕ್ ಬಂದವು. ಒಂದರ ಮೇಲೊಂದಿಟ್ಟು ಟ್ಯೂಬ್‌ಲೈಟಿಗೆ ಹಿಡಿದರೆ ಎರಡು ಸಹಿಯೂ ಕೂದಲೆಳೆ ಬಿಡದೆ ಕೂತವು. ಮನುಷ್ಯರ ಕೈ ಹಾಗೆ ಎರಡು ಸಲ ಹಾಕುವುದಿಲ್ಲ. ಕಿಟಕಿ ಗಾಜಿಗೆ ಒತ್ತಿ ತೆಗೆದ ನಕಲು ಅದು.

ಇದೆಲ್ಲ ಪೆನ್ನಿನ ಮಾತಾಯಿತು. ಪೆನ್ನು ಕಾಗದವನ್ನು ಒತ್ತುತ್ತದೆ, ಹಿಂದೆ ತಿರುಗಿಸಿ ಬೆರಳಾಡಿಸಿದರೆ ಒತ್ತಿದ್ದು ಗೊತ್ತಾಗುತ್ತದೆ. ಬ್ರಷ್ಷಿಗೆ ಆ ಗುಣವಿಲ್ಲ. ಬಣ್ಣ ಮುಗಿದರೆ ಅಕ್ಷರದ ನಡುವೆಯೇ ಎತ್ತಿ ಮತ್ತೆ ಅದ್ದಬೇಕು. ಚೆಕ್ಕಿನ ಲೆಕ್ಕದಲ್ಲಿ ಅದು ತಡವರಿಕೆ, ಬ್ರಷ್ಷಿಗೆ ಅದು ಮಾಮೂಲು. ಕೆಳಗೆ ಕ್ಯಾನ್ವಾಸಿನ ನೇಯ್ಗೆ ತಡೆಯುತ್ತದೆ. ಚಿತ್ರ ನಿಲ್ಲಿಸಿಟ್ಟು ಹಾಕಿದ ಸಹಿಗೂ ಮಲಗಿಸಿಟ್ಟು ಹಾಕಿದ ಸಹಿಗೂ ಕೈ ಬೇರೆ ಥರ ತಿರುಗುತ್ತದೆ.

ಕುಮಾರಕೃಪ ರಸ್ತೆಯ ಚಿತ್ರಸಂತೆಯಲ್ಲಿ ಒಮ್ಮೆ ನೋಡಿದೆ. ಒಬ್ಬ ಹುಡುಗ ಕೆ.ಆರ್. ಮಾರ್ಕೆಟ್ಟಿನ ಹೂವಿನ ಚಿತ್ರ ಮಾರಿದ. ಕೊಂಡ ಹೆಂಗಸು ಹತ್ತು ಹೆಜ್ಜೆ ಹೋಗಿ ವಾಪಸ್ ಬಂದರು. "ಸಹಿನೇ ಹಾಕಿಲ್ವಲ್ಲಪ್ಪಾ!" ಹುಡುಗ ನಾಲಿಗೆ ಕಚ್ಚಿಕೊಂಡ. ಬ್ರಷ್ ಇರಲಿಲ್ಲ. ಪಕ್ಕದ ಅಂಗಡಿಯವನ ಹತ್ತಿರ ಮಾರ್ಕರ್ ಇಸ್ಕೊಂಡು, ಚಿತ್ರವನ್ನು ಮೊಣಕಾಲ ಮೇಲಿಟ್ಟು, ಫುಟ್‌ಪಾತಿನಲ್ಲಿ ಕುಕ್ಕರುಗಾಲಲ್ಲಿ ಕೂತು ಗೀಚಿದ. ನಾಳೆ ಆ ಹುಡುಗ ದೊಡ್ಡ ಹೆಸರಾದರೆ, ಆ ಸಹಿ ಅವನ ಬೇರೆ ಯಾವ ಸಹಿಗೂ ತಾಳೆಯಾಗುವುದಿಲ್ಲ. ಚಿತ್ರ ಮಾತ್ರ ನೂರಕ್ಕೆ ನೂರು ಅವನದೇ. ದೊಡ್ಡವರೂ ಕಡಿಮೆಯಿಲ್ಲ. ಹುಸೇನ್ ಒಮ್ಮೆ ದೇವನಾಗರಿ, ಒಮ್ಮೆ ಉರ್ದು, ಒಮ್ಮೆ ಇಂಗ್ಲಿಷ್ ಅಂತ ಸಹಿ ಹಾಕಿದವರು. ರೆಂಬ್ರಾಂಟ್ 1633ರ ಹೊತ್ತಿಗೆ ತನ್ನ ಹೆಸರಿಗೆ ಒಂದು 'ಡಿ' ಅಕ್ಷರ ಸೇರಿಸಿಕೊಂಡ, ಅದಕ್ಕೆ ಮುಂಚೆ ಬರೀ ಇನಿಶಿಯಲ್ಸ್ ಹಾಕುತ್ತಿದ್ದ ಕಾಲವೂ ಇತ್ತು. ನಮ್ಮ ಬ್ರಾಂಚಿನಲ್ಲಾಗಿದ್ದರೆ ಇವರಿಬ್ಬರ ಚೆಕ್ಕೂ ವಾಪಸ್.

ನನಗೆ ಇದಕ್ಕಿಂತ ದೊಡ್ಡ ತಲೆನೋವು ಅನ್ನಿಸುವುದು ಸ್ಪೆಸಿಮನ್ ಕಾರ್ಡಿನದು, ಅಂದರೆ ತಾಳೆ ನೋಡಲು ಬ್ಯಾಂಕು ಇಟ್ಟುಕೊಳ್ಳುವ ಮಾದರಿ ಸಹಿಯದು. ಖಾತೆ ತೆರೆಯುವಾಗ ಮನುಷ್ಯ ನನ್ನ ಎದುರಿಗೇ ಕೂತು ಸಹಿ ಹಾಕುತ್ತಿದ್ದ. ಅವನನ್ನು ಪರಿಚಯಿಸಿದವನ ಸಹಿಯೂ ಅದರಲ್ಲೇ ಇರುತ್ತಿತ್ತು. ಆ ಕಾರ್ಡು ಸುಳ್ಳಾಗಿದ್ದರೆ ನನ್ನ ಭೂತಗನ್ನಡಿಯಿಂದ ಏನೂ ಉಪಯೋಗವಿಲ್ಲ. ಭಾವನ ವರದಿಯಲ್ಲಿದ್ದ ಆ ಮೂರು "ಅಸಲಿ" ಸಹಿ ಎಲ್ಲಿಂದ ಬಂದವು? ಹರಾಜಿನ ಕ್ಯಾಟಲಾಗಿನಿಂದ, ಇಂಟರ್ನೆಟ್ಟಿನಿಂದ. ಅವು ಅಸಲಿ ಅಂತ ಹೇಳಿದವರು ಯಾರು?

ಇದು ಹೊಟ್ಟೆಕಿಚ್ಚಿನ ಮಾತಲ್ಲ. 2009ರಲ್ಲಿ ದೆಹಲಿಯಲ್ಲಿ ಹೆಸರಾಂತ ಚಿತ್ರಕಾರ ಎಸ್.ಎಚ್. ರಝಾ ಅವರ ಚಿತ್ರಗಳ ಪ್ರದರ್ಶನ ಇತ್ತು. ಉದ್ಘಾಟನೆಗೆ ಸ್ವತಃ ಅವರೇ ಬಂದರು. ಗೋಡೆ ನೋಡುತ್ತಾ ಹೋದ ಹಾಗೆ ಇವು ನನ್ನವಲ್ಲ ಅಂದರು. 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ಟಾಗೋರರ ಚಿತ್ರಗಳು ಅಂತ ತೂಗುಹಾಕಿದ್ದರಲ್ಲಿ ಬಹುಪಾಲು ನಕಲಿ ಅಂತ ಆಮೇಲೆ ಗೊತ್ತಾಯಿತು. ರಝಾ ಬದುಕಿದ್ದರು, ಹೇಳಿದರು. ಇಲ್ಲದಿದ್ದರೆ ಆ ಗೋಡೆಯ ಸಹಿಗಳೇ ಮುಂದಿನವರಿಗೆ ಸ್ಪೆಸಿಮನ್ ಕಾರ್ಡ್ ಆಗುತ್ತಿದ್ದವು, ಅಲ್ವಾ?

ಜಾಮಿನಿ ರಾಯ್ ವಿಷಯದಲ್ಲಂತೂ ಇನ್ನೊಂದು ಗಂಟು ಇದೆ. ಅವರ ಮನೆ ಒಂದು ಕಾರ್ಖಾನೆಯ ಹಾಗಿತ್ತು. ಮಕ್ಕಳು, ಸಹಾಯಕರು ಸೇರಿ ಬಣ್ಣ ತುಂಬುತ್ತಿದ್ದರು, ಸಹಿ ಅವರದು ಬೀಳುತ್ತಿತ್ತು. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಜನಸಾಮಾನ್ಯರ ಮನೆಗೆ ಚಿತ್ರ ಹೋಗಬೇಕು ಅನ್ನುವ ಮನುಷ್ಯ. ಹಾಗಾದರೆ ಸಹಿ ಅಸಲಿ ಅಂತ ತಜ್ಞರು ಸರಿಯಾಗಿಯೇ ಹೇಳಿದರು ಅಂತಿಟ್ಟುಕೊಳ್ಳಿ, ಚಿತ್ರ ಬರೆದದ್ದು ಯಾರು ಅನ್ನುವುದಕ್ಕೆ ಅದರಿಂದ ಉತ್ತರ ಸಿಕ್ಕಿತಾ? ಸಾಲದ್ದಕ್ಕೆ ಅವರು ಚಿತ್ರಕ್ಕೆ ಇಸವಿ ಹಾಕುತ್ತಿದ್ದುದೇ ಅಪರೂಪ. ಮೂವತ್ತರ ಕೈಗೂ ಎಂಬತ್ತರ ಕೈಗೂ ವ್ಯತ್ಯಾಸ ಇರುತ್ತದೆ. ತಿಂಗಳ ಮೊದಲ ವಾರ ಪೆನ್ಷನ್ ಕ್ಯೂ ನೋಡಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಯಾವ ವಯಸ್ಸಿನ ಸಹಿಯ ಜೊತೆ ಯಾವುದನ್ನು ಇಡುತ್ತೀರಿ?

ಜರ್ಮನಿಯಲ್ಲಿ ಬೆಲ್ಟ್ರಾಕಿ ಅಂತ ಒಬ್ಬ ವರ್ಷಗಟ್ಟಲೆ ದೊಡ್ಡ ದೊಡ್ಡವರ ಹೆಸರಿನಲ್ಲಿ ಚಿತ್ರ ಬರೆದು ಮಾರಿದ. ಕೊನೆಗೆ ಅವನು ಸಿಕ್ಕಿಬಿದ್ದದ್ದು ಸಹಿಯಿಂದ ಅಲ್ಲ. 1914ರದು ಅಂತ ಮಾರಿದ ಚಿತ್ರದಲ್ಲಿ, ಆ ಕಾಲದ ಬಣ್ಣಗಾರರ ಹತ್ತಿರ ಇಲ್ಲದಿದ್ದ ಟೈಟಾನಿಯಂ ಬಿಳಿ ಸಿಕ್ಕಿತು. 2011ರಲ್ಲಿ ಆರು ವರ್ಷ ಜೈಲಾಯಿತು. ಇದರ ಉಲ್ಟಾ ಕಥೆಯೂ ಇದೆ. ನ್ಯೂಯಾರ್ಕಿನಲ್ಲಿ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಹೆಸರಿನ ಒಂದು ನಕಲಿ ಚಿತ್ರದಲ್ಲಿ ಸಹಿಯ ಸ್ಪೆಲಿಂಗೇ ತಪ್ಪಿತ್ತು, ಒಂದು ಅಕ್ಷರ ನಾಪತ್ತೆ. ಅಷ್ಟಾದರೂ ಅದು ಮಾರಾಟವಾಯಿತು. ಕೊಳ್ಳುವವನಿಗೆ ಆಸೆ ಇದ್ದರೆ ಸ್ಪೆಲಿಂಗ್ ಯಾವ ಲೆಕ್ಕ.

ನನ್ನ ಅಭಿಪ್ರಾಯ ಇಷ್ಟೇ. ಸಹಿ ಪರೀಕ್ಷೆ "ಅಲ್ಲ" ಅಂತ ಹೇಳಲು ಒಳ್ಳೆಯ ಆಯುಧ, "ಹೌದು" ಅಂತ ಹೇಳಲು ಬಡಕಲು ಊರುಗೋಲು. ಸುಪ್ರೀಂ ಕೋರ್ಟೇ 1980ರ ಮುರಾರಿ ಲಾಲ್ ಕೇಸಿನಲ್ಲಿ, ಬೆರಳಚ್ಚಿನ ವಿದ್ಯೆಯಷ್ಟು ಪಕ್ಕಾ ಅಲ್ಲ ಕೈಬರಹದ ವಿದ್ಯೆ, ಹುಷಾರಾಗಿ ನೋಡಿ ಅಂದಿದೆ. ಹಾಗಂತ ತಳ್ಳಿಹಾಕಿ ಅಂತಲೂ ಹೇಳಿಲ್ಲ. ಮತ್ತೆ ಬ್ಯಾಂಕಿನಲ್ಲಿ ಫೋರ್ಜ್ ಆದ ಚೆಕ್ ನಾನು ಪಾಸ್ ಮಾಡಿದರೆ ನಷ್ಟ ಬ್ಯಾಂಕಿನ ತಲೆ ಮೇಲೆ. ಆ ಭಯ ಇದ್ದದ್ದರಿಂದಲೇ ಕಣ್ಣು ಚುರುಕಾಗಿತ್ತು. ಭಾವನ ವರದಿಯ ಎರಡನೇ ಪುಟದ ಅಡಿಯಲ್ಲಿ ಸಾಸಿವೆ ಅಕ್ಷರದಲ್ಲಿ ಏನಿತ್ತು ಗೊತ್ತಾ? ಈ ಅಭಿಪ್ರಾಯ ಗ್ರಾಹಕರು ಕೊಟ್ಟ ಫೋಟೊಗಳನ್ನು ಮಾತ್ರ ಆಧರಿಸಿದೆ ಅಂತ. ಅಂದರೆ ಪುಣ್ಯಾತ್ಮರು ಚಿತ್ರವನ್ನು ಕಣ್ಣಲ್ಲಿ ನೋಡಿಯೇ ಇಲ್ಲ.

ನಾನು ನೋಡಿದೆ. ಚಿತ್ರವನ್ನು ಊಟದ ಮೇಜಿನ ಮೇಲೆ ಮಲಗಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಭೂತಗನ್ನಡಿ ಹಿಡಿದೆ. ಸಹಿಯ ಎರಡನೇ ಅಕ್ಷರದ ಹತ್ತಿರ ಎಳ್ಳುಕಾಳಿನಷ್ಟು ಬಣ್ಣ ಎದ್ದುಹೋಗಿ ಕೆಳಗಿನ ರಟ್ಟು ಕಾಣುತ್ತಿತ್ತು. ಹಳೆಯ ಚಿತ್ರ ಅಂದಮೇಲೆ ಅದು ಸಹಜ. ಸಹಿ ಮೊದಲೇ ಇದ್ದಿದ್ದರೆ ಚಕ್ಕೆಯ ಜೊತೆ ಅಷ್ಟು ಗೆರೆಯೂ ಎದ್ದುಹೋಗಬೇಕಿತ್ತು. ಹೋಗಿರಲಿಲ್ಲ. ಕಪ್ಪು ಗೆರೆ ಆ ಗುಂಡಿಯೊಳಗೆ ಇಳಿದು, ಆ ಕಡೆ ಹತ್ತಿ, ಮುಂದೆ ಹೋಗಿತ್ತು. ನಮ್ಮ ಬಿಎಂಟಿಸಿ ಬಸ್ಸು ರಸ್ತೆಗುಂಡಿಗೆ ಇಳಿದು ಹತ್ತಿದ ಹಾಗೆ.

"ಭಾವ, ಬಣ್ಣ ಉದುರಿದ ಮೇಲೆ ಸಹಿ ಬಿದ್ದಿದೆ."

ಭಾವ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. "ಅವರೇ ಎಷ್ಟೋ ವರ್ಷ ಆದಮೇಲೆ ಹಾಕಿರಬಹುದಲ್ವಾ?" ಅಂದರು. ಇರಬಹುದು. ಮಾಸಿದ ಸಹಿಯನ್ನು ಯಾರೋ ತಿದ್ದಿರಲೂಬಹುದು. ನಾನು ನಕಲಿ ಅಂತ ಹೇಳಲಿಲ್ಲ, ಈಗಲೂ ಹೇಳುತ್ತಿಲ್ಲ. ಬಣ್ಣ ಪರೀಕ್ಷೆ ಮಾಡುವವರಿಗೆ ತೋರಿಸಿ, ಮೊದಲು ಯಾರ ಮನೆಯಲ್ಲಿತ್ತು ಅನ್ನುವ ಕಾಗದ ಕೇಳಿ ಅಂದೆ.

ಅಕ್ಕ ಒಳಗಿಂದ, "ಚಿತ್ರ ಚೆನ್ನಾಗಿದೆ ಕಣೋ, ಮಗುವಿನ ಮುಖ ನೋಡು. ನೀವಿಬ್ಬರೂ ಬೆಳಿಗ್ಗೆಯಿಂದ ಮೂಲೆನೇ ನೋಡ್ತಾ ಇದೀರ" ಅಂದಳು. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನಾನು ಮಗುವಿನ ಮುಖ ಸರಿಯಾಗಿ ನೋಡಿರಲಿಲ್ಲ. ಚೆನ್ನಾಗಿಯೇ ಇತ್ತು.

ಊಟ ಆದಮೇಲೆ ಬಿಲ್ ಕೇಳಿದೆ. ಭಾವ ಬೀರು ಹುಡುಕಿ ತಂದುಕೊಟ್ಟರು. ಅದರಲ್ಲಿ ಜಾಮಿನಿ ರಾಯ್ ಹೆಸರೇ ಇರಲಿಲ್ಲ. "ಡೆಕೊರೇಟಿವ್ ಪೇಂಟಿಂಗ್, ಫ್ರೇಮ್ ಸಹಿತ, 1" ಅಂತಿತ್ತು. ಕೆಳಗೆ ಅಂಗಡಿಯವನ ಸಹಿ ಇರಬೇಕಾದ ಜಾಗದಲ್ಲಿ ಬರೀ ರಬ್ಬರ್ ಸ್ಟಾಂಪು.